‘ಬಗ್ಗಬೇಡ’ ಅಂದವಳು

ಪೀಣ್ಯದ ಒಂದು ಚಿಕ್ಕ ನರ್ಸಿಂಗ್ ಹೋಮಿನ ಫಿಸಿಯೋಥೆರಪಿ ಕೋಣೆಗೆ ನಾನು ಆಯಾ ಆಗಿ ಸೇರಿದೆ. ಆಯಾ ಆಗಿಯೇ ನಿವೃತ್ತಳಾದೆ. ನಮ್ಮ ಕೆಲಸದಲ್ಲಿ ಬಡ್ತಿ ಎಂಬುದಿಲ್ಲ, ಆದ್ದರಿಂದ ಅದರ ಬಗ್ಗೆ ಬರೆಯುವ ಕಷ್ಟವೂ ಇಲ್ಲ. ನಾನು ಓದಿದ್ದು ನೆಲಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಏಳನೆಯ ತರಗತಿವರೆಗೆ. ಕನ್ನಡ ಓದಲು, ಬರೆಯಲು ಬರುತ್ತದೆ. ಇಂಗ್ಲಿಷಿನಲ್ಲಿ ಔಷಧದ ಡಬ್ಬಿಯ ಮೇಲಿನ ಹೆಸರು ಗುರುತಿಸುವಷ್ಟು ಬರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಮಾನಸ ಮೇಡಂ ಕೇಳಿದರು. ಅವರು ಯಾರೆಂದು ಮುಂದೆ ಹೇಳುತ್ತೇನೆ. ಟವೆಲ್ ಹೇಗೆ ಮಡಿಸಬೇಕು, ನೋವಿರುವ ಕೈಕಾಲು ಅದ್ದುವ ಮೇಣದ ತೊಟ್ಟಿ ಎಷ್ಟು ಬಿಸಿಯಿರಬೇಕು ಎಂಬುದನ್ನು ಯಾರಾದರೂ ಕಲಿಸುತ್ತಾರೆ. ಬಾಯಿಯನ್ನು ಏನು ಮಾಡಬೇಕು ಎಂಬುದನ್ನು ನನಗೆ ಯಾರೂ ಕಲಿಸಲಿಲ್ಲ. ಅದರಿಂದ ನನ್ನ ಸ್ವಂತ ತಂಗಿಗೆ ಏನಾಯಿತೋ ಅದನ್ನು ಬಿಟ್ಟು ಬೇರೆ ಬರೆದರೆ ಸುಳ್ಳಾಗುತ್ತದೆ.

ನಮ್ಮ ಕೋಣೆಯಲ್ಲಿ ಹಸಿರು ಪರದೆ ಕಟ್ಟಿ ಮಾಡಿದ ಮೂರು ಗೂಡುಗಳಿದ್ದವು. ಒಂದರಲ್ಲಿ ಸೊಂಟ ಎಳೆಯುವ ಟ್ರಾಕ್ಷನ್ ಮೆಷಿನ್, ಒಂದರಲ್ಲಿ ಕರೆಂಟ್ ಕೊಡುವ ಮೆಷಿನ್, ಒಂದರಲ್ಲಿ ಬರೀ ಮಂಚ. ಬಾಗಿಲ ಬಳಿ ಪ್ರಭಾಕರ ಸಾರ್ ಮೇಜು. ಅವರೇ ನಮ್ಮ ಫಿಸಿಯೋಥೆರಪಿಸ್ಟ್. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ನೇತುಹಾಕಿದ್ದರು. ಅದರ ಕೆಳಭಾಗದಲ್ಲಿ, ಎರಡು ಮೂಳೆಗಳ ನಡುವಿನಿಂದ ಕೆಂಪಗಿನ ಗುಳ್ಳೆಯೊಂದು ಹೊರಗೆ ಉಬ್ಬಿತ್ತು. ಅದು ಜರುಗಿದ ಡಿಸ್ಕ್. ರೋಗಿ ಬಂದು ಕೂತ ಕೂಡಲೇ ಸಾರ್ ಪೆನ್ನಿನ ತುದಿಯಿಂದ ಆ ಗುಳ್ಳೆಯನ್ನು ತಟ್ಟುತ್ತಿದ್ದರು. ರೋಗಿಯ ಮುಖ ಬಿಳಿಚುತ್ತಿತ್ತು.

ಪೀಣ್ಯದಲ್ಲಿ ಸೊಂಟ ನೋವಿಗೆ ಬರಗಾಲವಿರಲಿಲ್ಲ. ಪವರ್ ಪ್ರೆಸ್ಸಿನ ಮುಂದೆ ದಿನವಿಡೀ ನಿಲ್ಲುವವರು, ಗಾರ್ಮೆಂಟ್ಸಿನಲ್ಲಿ ಕೂತು ಹೊಲಿಯುವ ಹೆಂಗಸರು, ಲಾರಿಗೆ ಲೋಡು ಹಾಕುವವರು, ಎಲ್ಲರೂ ಬರುತ್ತಿದ್ದರು. ಸಾರ್ ಅವರಿಗೆ ಹೇಳಬೇಕಾದ್ದನ್ನು ಹೇಳಿ ಮುಂದಿನ ಗೂಡಿಗೆ ಹೋಗುತ್ತಿದ್ದರು. ಬಿಸಿ ಪ್ಯಾಕ್ ಇಟ್ಟು, ಟವೆಲ್ ಹೊದಿಸಿ, ಪಕ್ಕದಲ್ಲಿ ನಿಲ್ಲುವವಳು ನಾನು. ಆಗ ಅವರು ಮೆಲ್ಲಗೆ ಕೇಳುತ್ತಿದ್ದರು, “ಅಕ್ಕ, ನಿಜ ಹೇಳಿ. ನನ್ ಸೊಂಟ ಸರಿಹೋಗುತ್ತಾ?”

ಸಾರ್ ಹೇಳಿದ್ದನ್ನು ಅವರು ಅರ್ಧ ಮರೆಯುತ್ತಿದ್ದರು. ನಾನು ಹೇಳಿದ್ದನ್ನು ಮನೆಗೆ ಕೊಂಡೊಯ್ಯುತ್ತಿದ್ದರು. ಇದು ಗೊತ್ತಾದ ಮೇಲೆ ನನಗೆ ಒಂದು ಬಗೆಯ ಹಮ್ಮು ಬಂತು. “ಹುಷಾರಮ್ಮ, ಬಗ್ಗಬೇಡ. ಬಿಂದಿಗೆ ಎತ್ತಬೇಡ. ಡಿಸ್ಕ್ ಅನ್ನೋದು ಒಡೆದ ಗಾಜಿನ ಬಳೆ ಇದ್ದಂಗೆ, ಮತ್ತೆ ಕೂಡಲ್ಲ” ಎನ್ನುತ್ತಿದ್ದೆ. ಬಳೆಯ ಮಾತು ಸಾರ್ ಹೇಳಿಕೊಟ್ಟದ್ದಲ್ಲ. ನನ್ನದೇ. ಹೆಂಗಸರಿಗೆ ಬೇಗ ಅರ್ಥವಾಗುತ್ತದೆ ಎಂದು ಹುಡುಕಿಕೊಂಡಿದ್ದೆ.

ಒಮ್ಮೆ ದಪ್ಪಗಿನ ಸೂಪರ್‌ವೈಸರ್ ಒಬ್ಬರನ್ನು ಟ್ರಾಕ್ಷನ್ನಿಗೆ ಕಟ್ಟಿ ಟೀ ತರಲು ಹೋದೆ. ಕರೆಂಟ್ ಹೋಯಿತು. ಸಾರ್ ಮೇಲಿನ ವಾರ್ಡಿನಲ್ಲಿದ್ದರು. ನಾನು ಬಂದು ನೋಡಿದರೆ ಅವರು ಕತ್ತಲಲ್ಲಿ ಎದೆಗೂ ಸೊಂಟಕ್ಕೂ ಬೆಲ್ಟು ಬಿಗಿಸಿಕೊಂಡು ಚಾವಣಿ ನೋಡುತ್ತ ಮಲಗಿದ್ದಾರೆ. ಬೆಲ್ಟು ಬಿಚ್ಚುವುದು ಅವರ ಕೈಯಲ್ಲೇ ಇತ್ತು, ಎಂಥ ಮಕ್ಕಳಿಗೂ ಬರುವ ಕೊಂಡಿ ಅದು. “ಬಿಚ್ಕೊಂಡು ಏಳ್ಬಾರ್ದಿತ್ತಾ ಸಾರ್?” ಅಂದೆ. “ನೀನೇ ಅಲ್ವೇನಮ್ಮ ಅಲ್ಲಾಡಬೇಡಿ ಅಂದಿದ್ದು? ಅಲ್ಲಾಡಿದ್ರೆ ಎರಡು ಭಾಗ ಆಗ್ಬಿಡ್ತೀನೇನೋ ಅಂದ್ಕೊಂಡೆ” ಅಂದರು. ಆ ಕಥೆ ಹೇಳಿಕೊಂಡು ಸಿಸ್ಟರುಗಳೂ ನಾನೂ ವಾರಗಟ್ಟಲೆ ನಕ್ಕೆವು. ಅದು ನಗುವ ವಿಷಯವಾಗಿರಲಿಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಇನ್ನೊಬ್ಬ ಬಸಪ್ಪ, ಯಾದಗಿರಿ ಕಡೆಯವನು, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಹಿಡಿದುಕೊಂಡು ಬಾಗಿಕೊಂಡೇ ಬಂದ. ಸಾರ್ ಪರೀಕ್ಷೆ ಮಾಡಿ, ಗುಳ್ಳೆ ತೋರಿಸಿ, “ಇನ್ಮೇಲೆ ಮೂಟೆ ಬಿಟ್ಬಿಡಪ್ಪ. ಕೂತು ಮಾಡೋ ಕೆಲಸ ನೋಡ್ಕೋ” ಎಂದರು. ಬಸಪ್ಪ ನನ್ನ ಕಡೆ ತಿರುಗಿ, “ಅಕ್ಕಾರ, ಕುಂತ್ಕೊಂಡು ಉಣ್ಣಾಕ ನಾವೇನ್ ಸಾವ್ಕಾರ್ರೇನ್ರಿ?” ಎಂದ. ಎರಡು ದಿನ ಬಂದು ಮೂರನೆಯ ದಿನ ಬರಲಿಲ್ಲ. ಸ್ವಲ್ಪ ಕಾಲದ ನಂತರ ಬಸ್ ನಿಲ್ದಾಣದ ಹತ್ತಿರ ಲಾರಿಯಿಂದ ಮೂಟೆ ಇಳಿಸುತ್ತಿದ್ದವನು ನನ್ನನ್ನು ಕಂಡು ಕೂಗಿ ಕರೆದ. “ಅಕ್ಕಾರ, ಮೊದ್ಲ ಸಣ್ಣ ಚೀಲ ಹೊತ್ತೆ, ಆಮ್ಯಾಲ ದೊಡ್ಡವು. ನೋವು ಅದರ ಪಾಡಿಗೆ ಹೋತ್ರಿ!” ನಾನು ಬಂದು ಸಾರ್‌ಗೆ ಹೇಳಿದೆ. “ಅದೃಷ್ಟ ಅವನದ್ದು” ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಒಳ್ಳೆಯದಾದರೆ ರೋಗಿಯ ಅದೃಷ್ಟ, ಕೆಟ್ಟದ್ದಾದರೆ ನಮ್ಮ ಮಾತು ಕೇಳದ ತಪ್ಪು. ನಮ್ಮ ಕೋಣೆಯ ಲೆಕ್ಕಾಚಾರ ಹಾಗಿತ್ತು.

ಈಗ ಗಿರಿಜಾಳ ವಿಷಯ.

ಗಿರಿಜಾ ನನ್ನ ತಂಗಿ, ನನಗಿಂತ ತುಂಬಾ ಚಿಕ್ಕವಳು. ಅವಳನ್ನು ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಲಗ್ಗೆರೆಗೆ ಮದುವೆಯಾಗಿ ಬಂದು, ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು. ಮಗಳು ಪಲ್ಲವಿ ಹುಟ್ಟಿ, ಇನ್ನೂ ಅಂಬೆಗಾಲಿಡುತ್ತಿದ್ದಾಗ, ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಹೋಗಿ ಗಿರಿಜಾಳ ಸೊಂಟ ಹಿಡಿದುಕೊಂಡಿತು. ಆಟೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೇ ಕರೆತಂದೆ.

ಪ್ರಭಾಕರ ಸಾರ್ ಅವಳ ಕಾಲಿನ ಬಲ, ಮುಟ್ಟಿದರೆ ತಿಳಿಯುತ್ತದೆಯೇ ಎಂಬುದೆಲ್ಲ ನೋಡಿದರು. ಹೆದರುವಂಥದ್ದು ಏನೂ ಕಾಣಲಿಲ್ಲ. ಅವರ ಮೇಲೆ ತಪ್ಪು ಹೊರಿಸಬಾರದು. ಅವರು ಅಂದು ಹೇಳಿದ್ದು ಇಷ್ಟೇ: “ಒಂದು ವಾರ ಹುಷಾರಾಗಿರಮ್ಮ. ಆಮೇಲೆ ನೋಡೋಣ.” ಆ ಒಂದು ವಾರವನ್ನು ಒಂದು ಜನ್ಮ ಮಾಡಿದವಳು ನಾನು.

ಗಿರಿಜಾ ಮಾತು ಕೇಳುವವಳಲ್ಲ. ಮೂರನೆಯ ದಿನವೇ ಎದ್ದು ಬಟ್ಟೆ ಒಗೆಯುತ್ತಿದ್ದಾಳೆ ಎಂದು ಅವಳ ಅತ್ತೆ ದೂರು ಹೇಳಿದರು. ನನಗೆ ಭಯವಾಯಿತು, ಸಿಟ್ಟೂ ಬಂತು. ಎಷ್ಟು ಜನರ ಸೊಂಟ ನೋಡಿದವಳು ನಾನು, ನನ್ನ ತಂಗಿಯೇ ಕೇಳುವುದಿಲ್ಲವೇ? ಅಂದು ಸಂಜೆ ಸಾರ್ ಹೋದ ಮೇಲೆ ಮೇಜಿನ ಮೇಲಿದ್ದ ಬೆನ್ನುಮೂಳೆಯನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ತರಕಾರಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಚೀಲ ಗಿಡ್ಡವಾಗಿತ್ತು, ಬಾಲದ ಮೂಳೆ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನೋಡಿ, “ಯಾರ್ದವ್ವಾ ಇದು?” ಎಂದು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರ್, “ಇವರಿಗೂ ಟಿಕೆಟ್ ತಗೋಬೇಕು ಮೇಡಂ” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಗಿರಿಜಾಳ ಮನೆಯಲ್ಲಿ ಅವಳನ್ನು, ಗಂಡ ರಮೇಶನನ್ನು, ಅತ್ತೆಯನ್ನು ಕೂರಿಸಿಕೊಂಡು, ಚಾಪೆಯ ಮೇಲೆ ಆ ಮೂಳೆಯನ್ನು ಬಿಚ್ಚಿಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಗುಳ್ಳೆ ಇನ್ನಷ್ಟು ಹೊರಗೆ ಬಂತು. “ನೋಡು, ನೀನ್ ಬಗ್ಗಿದಾಗೆಲ್ಲ ಹಿಂಗಾಗೋದು. ಇದು ನರಕ್ಕೆ ತಗಲಿದ್ರೆ ಕಾಲು ಹೋಯ್ತು” ಎಂದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಗಿರಿಜಾ ಮೂಳೆಯನ್ನು ನೋಡಲಿಲ್ಲ. ತೊಡೆಯ ಮೇಲೆ ಹತ್ತಲು ಬರುತ್ತಿದ್ದ ಪಲ್ಲವಿಯನ್ನು ನೋಡುತ್ತಿದ್ದಳು.

“ಮಗು?” ಅಂದಳು.

“ಎತ್ತಬೇಡ. ಅದನ್ನೇ ಮೊದ್ಲು ಬಿಡಬೇಕು ನೀನು.”

“ಎಷ್ಟು ದಿವ್ಸ ಅಕ್ಕ?”

ಏನಾದರೂ ಒಂದು ಅವಧಿ ಹೇಳಬಹುದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ರಮೇಶ ಮತ್ತು ಅತ್ತೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. “ಇನ್ಮೇಲೆ ಹಂಗೇ ಅಂತ ಅಂದ್ಕೊಂಡ್ಬಿಡು. ಸೊಂಟ ಉಳಿಸ್ಕೊಂಡ್ರೆ ಸಾಕು” ಎಂದೆ.

ಗಿರಿಜಾ ನಂಬಿದಳು. ಮರುದಿನ ಬೆಳಿಗ್ಗೆಯೇ ಬೆನ್ನುಮೂಳೆಯನ್ನು ಅದರ ಜಾಗಕ್ಕೆ ಸೇರಿಸಿದೆ, ಸಾರ್‌ಗೆ ತಿಳಿಯಲಿಲ್ಲ.

ಅವಳ ನೋವು ಕೆಲವು ವಾರಗಳಲ್ಲಿ ಇಳಿಯಿತು, ಆದರೆ ಸೊಂಟಕ್ಕೆ ಬಿಗಿದುಕೊಂಡ ಬೆಲ್ಟ್ ಇಳಿಯಲಿಲ್ಲ. ಕೆಲಸ ಬಿಟ್ಟಳು. ನೆಲಕ್ಕೆ ಬಿದ್ದದ್ದನ್ನು ಅತ್ತೆ ಎತ್ತುತ್ತಿದ್ದರು, ಇಲ್ಲವೇ ಕಾಲ್ಬೆರಳಿನಿಂದ ತಾನೇ ಎತ್ತುತ್ತಿದ್ದಳು. ಮುದ್ದೆ ತೊಳಸುವುದನ್ನು ಬಿಟ್ಟಳು. ವರ್ಷಕ್ಕೊಮ್ಮೆಯೋ ಎರಡು ಸಲವೋ ಸೊಂಟ ಮತ್ತೆ ಹಿಡಿದುಕೊಳ್ಳುತ್ತಿತ್ತು. ಆಗ ನಾನು ಹೋಗಿ, “ನೋಡಿದ್ಯಾ, ಏನೋ ಎತ್ತಿದ್ದೀಯ” ಎಂದು ಬೈಯುತ್ತಿದ್ದೆ. ಅವಳು ಏನೂ ಎತ್ತಿರುತ್ತಿರಲಿಲ್ಲ. ಏನೂ ಎತ್ತದೆ ಇದ್ದದ್ದೇ ಸೊಂಟವನ್ನು ಹಾಗೆ ಮಾಡಿತ್ತೋ ಏನೋ, ಆಗ ಆ ಯೋಚನೆ ಬರಲಿಲ್ಲ.

ಅವರ ಮನೆಯಲ್ಲಿ ಒಂದು ನೀಲಿ ಬಣ್ಣದ ಮರದ ಸ್ಟೂಲ್ ಇದೆ. ಪಲ್ಲವಿ ನಡೆಯಲು ಕಲಿತ ಮೇಲೆ ಅದನ್ನು ತಳ್ಳಿಕೊಂಡು ಅಮ್ಮನ ಬಳಿಗೆ ಬರುತ್ತಿದ್ದಳು. ಬಂದು, ಅದರ ಮೇಲೆ ಹತ್ತಿ ನಿಂತು, ಕೈ ಚಾಚುತ್ತಿದ್ದಳು. ಆಗ ಗಿರಿಜಾಗೆ ಬಗ್ಗದೆ ಅಪ್ಪಿಕೊಳ್ಳಲು ಆಗುತ್ತಿತ್ತು. ಬೇರೆ ಮಕ್ಕಳು ಬಿದ್ದರೆ “ಎತ್ಕೋ” ಎಂದು ಅಳುತ್ತವೆ. ಈ ಮಗು ಬಿದ್ದರೆ ಸ್ಟೂಲ್ ಹುಡುಕುತ್ತಿತ್ತು. ನಾವೆಲ್ಲ ಅದನ್ನು ನೋಡಿ, ಎಷ್ಟು ಜಾಣೆ ಎಂದು ಹೊಗಳುತ್ತಿದ್ದೆವು. ನಾನೇ ಎಲ್ಲರಿಗಿಂತ ಹೆಚ್ಚು ಹೊಗಳಿದವಳು. ಆ ಬೀದಿಯಲ್ಲಿ ನನಗೆ ಡಾಕ್ಟರಕ್ಕ ಎಂಬ ಹೆಸರಿತ್ತು.

ಮೆಟ್ರೋ ಬಂದು, ಕಾರ್ಖಾನೆಗಳು ಕೆಲವು ಮುಚ್ಚಿ, ಕೆಲವು ಹೊಸದಾಗಿ ತೆರೆದು, ನನ್ನ ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಮಾನಸ ಮೇಡಂ ಬಂದರು. ಫಿಸಿಯೋಥೆರಪಿಯಲ್ಲಿ ದೊಡ್ಡ ಓದು ಓದುತ್ತಿದ್ದ ಹುಡುಗಿ. ಸೊಂಟ ನೋವಿನ ಬಗ್ಗೆ ಫಿಸಿಯೋಥೆರಪಿಸ್ಟರು ಏನು ನಂಬಿದ್ದಾರೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕೆ ಪ್ರಶ್ನೆಗಳ ಒಂದು ಹಾಳೆ ಇತ್ತು. ಪ್ರಶ್ನೆಗಳೂ ಅಲ್ಲ, ಒಂದೊಂದು ವಾಕ್ಯ. ಮುಂದೆ ಚೌಕಗಳು. ‘ಖಂಡಿತ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಎಲ್ಲಿ ಬೇಕೋ ಅಲ್ಲಿ ಗುರುತು ಹಾಕಬೇಕು.

ಅದನ್ನು ಅವರು ಕನ್ನಡಕ್ಕೂ ತಂದಿದ್ದರು. ಕನ್ನಡ ಸುಲಭವಾಗಿದೆಯೇ ಎಂದು ನೋಡಲು, ಒಂದು ಮಧ್ಯಾಹ್ನ ನನ್ನ ಕೈಗೆ ಕೊಟ್ಟರು.

“ಜಯಕ್ಕ, ಇದನ್ನ ಓದಿ, ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಹೇಳ್ತೀರಾ? ಸುಮ್ನೆ ಗುರುತೂ ಹಾಕಿ ನೋಡಿ. ನಿಮ್ದು ಲೆಕ್ಕಕ್ಕೆ ಬರಲ್ಲ, ಹೆದರ್ಬೇಡಿ.”

“ಜ್ವರ ಆದ್ರೆ ಥರ್ಮಾಮೀಟರ್ ಇಟ್ಟು ಅಳೀಬೋದು ಮೇಡಂ. ನಂಬಿಕೆ ಅಳೆಯೋದ್ಯಾಕೆ?”

“ಅದೂ ಜ್ವರದ ಥರಾನೇ ಅಂಟುತ್ತೆ ಜಯಕ್ಕ” ಎಂದು ನಕ್ಕರು.

ನಾನು ಹೆಮ್ಮೆಯಿಂದ ಕೂತು ಓದಿದೆ. ಸೊಂಟ ನೋವಿದೆ ಎಂದರೆ ಒಳಗೆ ಎಲ್ಲೋ ಪೆಟ್ಟಾಗಿದೆ ಎಂದೇ ಅರ್ಥ. ಖಂಡಿತ ಒಪ್ಪುತ್ತೇನೆ. ನೋವು ತರುವ ಕೆಲಸವನ್ನು ರೋಗಿ ಬಿಡಬೇಕು. ಖಂಡಿತ ಒಪ್ಪುತ್ತೇನೆ. ನೋವು ಪೂರ್ತಿ ಹೋಗದಿದ್ದರೂ ರೋಗಿ ಕೆಲಸಕ್ಕೆ ಮರಳಬಹುದು. ಸ್ವಲ್ಪವೂ ಒಪ್ಪುವುದಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಕನ್ನಡ ಚೆನ್ನಾಗಿತ್ತು.

ಪ್ರಭಾಕರ ಸಾರ್ ಇಂಗ್ಲಿಷಿನ ಹಾಳೆ ತುಂಬಿದರು. ಮಾನಸ ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಾಗ ನಾನು ಇಣುಕಿ ನೋಡಿದೆ. ಸಾರ್ ಗುರುತುಗಳೆಲ್ಲ ನನ್ನ ಗುರುತುಗಳಿಗೆ ವಿರುದ್ಧ ಬದಿಯಲ್ಲಿದ್ದವು. ನಾನು ಪಕ್ಕಾ ಒಪ್ಪಿದ್ದನ್ನೆಲ್ಲ ಸಾರ್ ಒಪ್ಪಿರಲಿಲ್ಲ. ನಾನು ಒಪ್ಪದ್ದನ್ನು ಅವರು ಒಪ್ಪಿದ್ದರು. ಹಿಂದಿನ ತಿಂಗಳು ಅವರು ಎರಡು ದಿನದ ತರಬೇತಿಗೆ ಹೋಗಿಬಂದಿದ್ದು ನೆನಪಾಯಿತು.

ಅಷ್ಟರಲ್ಲಿ ಗಾರ್ಮೆಂಟ್ಸಿನ ಹೆಂಗಸೊಬ್ಬಳು ಬಂದಳು. ಸಾರ್ ಪೆನ್ನು ಜೇಬಿಗಿಟ್ಟುಕೊಂಡು ಪರದೆಯ ಒಳಗೆ ಹೋದರು. ಅವರ ದನಿ ಕೇಳಿಸಿತು. “ನೋಡಮ್ಮ, ನಿನ್ ಡಿಸ್ಕ್ ಚಟ್ನಿ ಆಗೋಗಿದೆ. ಇನ್ಮೇಲೆ ಒಂದು ಬಿಂದಿಗೇನೂ ಎತ್ತಂಗಿಲ್ಲ.”

ಮಾನಸ ಮೇಡಂ ಕೈಯಲ್ಲಿದ್ದ ಹಾಳೆಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಹೆಂಗಸು ಹೋದ ಮೇಲೆ ಮೇಡಂ ಮೆತ್ತಗೆ ಕೇಳಿದರು. “ಸಾರ್, ಪೇಪರ್ ಮೇಲೆ ಒಂಥರಾ ಹಾಕಿದ್ದೀರ...”

ಸಾರ್ ಸಿಟ್ಟಾಗಲಿಲ್ಲ. ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡರು. “ನೀವು ಕೇಳಿದ್ದಕ್ಕೆ ನನಗೆ ಗೊತ್ತಿರೋದನ್ನ ಬರೆದೆ ಕಣಮ್ಮ. ಸುಳ್ಳು ಬರೆದಿಲ್ಲ. ಆದ್ರೆ ಹುಷಾರು ಅಂದ್ರೆ ಯಾರೂ ನನ್ನ ದೂರಲ್ಲ. ಎದ್ದು ಓಡಾಡು, ಮೂಟೆ ಎತ್ತು ಅಂದು, ನಾಳೆ ಏನಾದ್ರೂ ಆದ್ರೆ? ಇಪ್ಪತ್ತು ವರ್ಷದ ಬಾಯಿ ಇದು. ಎರಡು ದಿನದಲ್ಲಿ ತಿರುಗುತ್ತಾ?”

ಅಂದಿನಿಂದ ಮಾನಸ ಮೇಡಂ, ಸಾರ್ ಒಪ್ಪಿಗೆ ಪಡೆದೇ, ರೋಗಿಗಳಿಗೆ ಏನು ಹೇಳುತ್ತಾರೆಂದು ಕೇಳಲು ಪರದೆಯ ಈಚೆ ಕೂರತೊಡಗಿದರು. ಅವರಿಗೆ ಟೀ ಕೊಡುವ ನೆಪದಲ್ಲಿ ನಾನೂ ನಿಂತು ಒಂದೊಂದಾಗಿ ಕೇಳಿ ತಿಳಿದೆ. ಕಾಲಿನ ಬಲ ಹೋದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕು. ಆದರೆ ಸೊಂಟ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಅಂಥದ್ದೇನೂ ಇರುವುದಿಲ್ಲ. ಅವರು ಮೆಲ್ಲಮೆಲ್ಲಗೆ ಬಗ್ಗಬಹುದು, ಎತ್ತಬಹುದು, ಹಾಗೆ ಮಾಡುವುದೇ ಒಳ್ಳೆಯದು. ಬಸಪ್ಪ ಮಾಡಿದ್ದೂ ಅದನ್ನೇ.

“ಹಂಗಾದ್ರೆ ಹೆದರಿಸಿದವರಿಗೆ ಏನಾಗುತ್ತೆ ಮೇಡಂ?” ಎಂದು ಒಂದು ದಿನ ಕೇಳಿದೆ. ರೋಗಿಗಳ ಬಗ್ಗೆ ಕೇಳುತ್ತಿದ್ದೇನೆ ಎಂದು ಅವರು ತಿಳಿದರು.

“ನೋವು ಹೋದ್ರೂ ಹೆದರಿಕೆ ಹೋಗಲ್ಲ ಜಯಕ್ಕ. ಕೆಲವರು ಜೀವನಪೂರ್ತಿ ಹಂಗೇ ಇದ್ದುಬಿಡ್ತಾರೆ.”

ಟೀ ಲೋಟಗಳನ್ನು ಹಿಡಿದುಕೊಂಡು ತೊಳೆಯುವ ಜಾಗಕ್ಕೆ ಹೋದೆ. ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನದು ಲೆಕ್ಕಕ್ಕೆ ಬರುವುದಿಲ್ಲ ಎಂದಿದ್ದರು. ಒಬ್ಬಳ ವಿಷಯದಲ್ಲಿ ನನ್ನದು ಮಾತ್ರವೇ ಲೆಕ್ಕಕ್ಕೆ ಬಂದಿತ್ತು.

ಅಂದೇ ಲಗ್ಗೆರೆಗೆ ಹೋಗಿ ಹೇಳಬೇಕಿತ್ತು. ಹೋದೆ ಕೂಡ. ಗಿರಿಜಾ ಬೆಲ್ಟ್ ಕಟ್ಟಿಕೊಂಡು ನಿಂತೇ ಹುರುಳಿಕಾಯಿ ಬಿಡಿಸುತ್ತಿದ್ದಳು. ಪಕ್ಕದ ಮನೆಯ ಹೆಂಗಸಿಗೆ, “ನಮ್ಮಕ್ಕ ಇಲ್ದಿದ್ರೆ ಇವತ್ತು ನಾನು ಹಾಸ್ಗೆ ಮೇಲಿರ್ತಿದ್ದೆ” ಎಂದು ಹೇಳುತ್ತಿದ್ದಳು. ಹಾಗೆನ್ನುತ್ತ ನನ್ನನ್ನು ನೋಡಿ ನಕ್ಕಳು. ನಾನು ಕಾಫಿ ಕುಡಿದು ಬಂದುಬಿಟ್ಟೆ.

ಮೊದಲು ನಾನು ಹೇಳಿದ್ದು ಅಜ್ಞಾನ. ಅದಕ್ಕೆ ಕ್ಷಮೆ ಇರಬಹುದು. ಗೊತ್ತಾದ ಮೇಲೆ ನಿವೃತ್ತಿಯವರೆಗೆ, ಆಮೇಲೂ, ಬಾಯಿ ಬಿಡದೆ ಇದ್ದದ್ದಕ್ಕೆ ನನ್ನ ಬಳಿ ಹೆಸರಿಲ್ಲ. ಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ, ಹೇಳಿ ಸಂಕಟಪಡಿಸುವುದೇಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಡಾಕ್ಟರಕ್ಕ ಎಂಬ ಹೆಸರನ್ನು ಕಳಚಿಡಲು ಮನಸ್ಸಿರಲಿಲ್ಲ.

ಈ ನಡುವೆ ನಮ್ಮ ಕೋಣೆ ಬದಲಾಯಿತು. ಹೊಸದಾಗಿ ಬಂದ ಹುಡುಗ ಫಿಸಿಯೋ ಬೆನ್ನುಮೂಳೆಯನ್ನು ಬೀರುವಿನಲ್ಲಿಟ್ಟ. ಟ್ರಾಕ್ಷನ್ ಮೆಷಿನ್ನಿನ ಮೇಲೆ ನಾವು ಟವೆಲ್ ಒಣಹಾಕತೊಡಗಿದೆವು. “ಕರೆಂಟ್ ಇಡಲ್ವಾ? ಬರೀ ಎದ್ದು ಕೂತ್ಕೋ ಅನ್ನೋಕೆ ಇಲ್ಲೀತನಕ ಬರ್ಬೇಕಿತ್ತಾ?” ಎಂದು ರೋಗಿಗಳು ಜಗಳ ಆಡುತ್ತಿದ್ದರು. ಪ್ರಭಾಕರ ಸಾರ್ ಕೂಡ ತಿರುಗಿದರು, ಅವರ ಮಾತಿನಲ್ಲೇ ಹೇಳುವುದಾದರೆ ಹಳೇ ಲಾರಿ ತಿರುಗಿದ ಹಾಗೆ, ಮುಂದೆ ಹಿಂದೆ ಹೋಗಿ. ಒಮ್ಮೊಮ್ಮೆ ‘ಚಟ್ನಿ’ ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅವರು ಎಲ್ಲರೆದುರು ಮಾತು ಬದಲಾಯಿಸಿದರು. ನನಗೆ ಒಬ್ಬಳೆದುರು ಆಗಲಿಲ್ಲ.

ಬಾಯಿ ಬಿಡಿಸಿದ್ದು ಪಲ್ಲವಿ. ಅವಳಿಗೆ ಮದುವೆಯಾಗಿ, ಬಸುರಿಯಾಗಿ, ಏಳನೆಯ ತಿಂಗಳಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಚೊಚ್ಚಲು ಬಾಣಂತನ ತವರಿನಲ್ಲಿ ಆಗಬೇಕಾದದ್ದು. ಯಾವಾಗ ಅಮ್ಮನ ಮನೆಗೆ ಹೋಗುತ್ತೀ ಎಂದು ಕೇಳಿದೆ.

“ಇಲ್ಲ ದೊಡ್ಡಮ್ಮ, ಬಾಣಂತನ ಅತ್ತೆ ಮನೇಲೇ. ಅಮ್ಮನೇ ಹಂಗೆ ಹೇಳಿಬಿಟ್ಲು. ಮಗೂನ ಕಾಲ್ಮೇಲೆ ಹಾಕ್ಕೊಂಡು ನೀರ್ ಹಾಕೋಕೆ ಅವಳ ಕೈಲಿ ಆಗಲ್ವಲ್ಲ” ಎಂದಳು. ಬೇಸರದಿಂದ ಹೇಳಲಿಲ್ಲ. ಸ್ಟೂಲ್ ಹುಡುಕುವ ಮಗುವಿನ ಹಾಗೆಯೇ, ಸಹಜವಾಗಿ ಹೇಳಿದಳು.

“ಹಂಗೆ ಹೇಳ್ದಾಗ ಅಮ್ಮ ಬೇಜಾರಾಗಿದ್ಲಾ?”

“ಫೋನಲ್ಲಿ ಚೆನ್ನಾಗೇ ಮಾತಾಡಿದ್ಲು. ಆಮೇಲೆ ರಾತ್ರಿಯೆಲ್ಲ ಅತ್ಲು ಅಂತ ಅಪ್ಪ ಹೇಳಿದ್ರು.”

ಮಾರನೆಯ ಬೆಳಿಗ್ಗೆ ಲಗ್ಗೆರೆಗೆ ಹೋದೆ. ಗಿರಿಜಾ ಒಬ್ಬಳೇ ಇದ್ದಳು. ಅತ್ತೆ ತೀರಿಕೊಂಡು ಕೆಲವು ವರ್ಷವಾಗಿತ್ತು. ನಾನು ಕೂರಲಿಲ್ಲ. ಬಾಗಿಲ ಬಳಿ ನಿಂತೇ ಹೇಳಿದೆ. ಅಂದು ಸಾರ್ ಹೇಳಿದ್ದು ಒಂದು ವಾರ ಎಂದು, ಜೀವನಪೂರ್ತಿ ಎಂದದ್ದು ನಾನು ಎಂದು, ಅವಳ ಸೊಂಟ ಒಡೆದ ಬಳೆಯಲ್ಲ ಎಂದು, ಮಗು ಎತ್ತಬಹುದಿತ್ತು ಎಂದು.

ನನ್ನ ಮಾತೆಲ್ಲ ಮುಗಿದ ಮೇಲೆ ಗಿರಿಜಾ ಕೇಳಿದಳು.

“ಯಾವಾಗಿಂದ ಗೊತ್ತಿತ್ತು ನಿಂಗೆ?”

ಹೇಳಿದೆ.

“ಅವತ್ತು ಬಂದು ಕಾಫಿ ಕುಡ್ಕೊಂಡು ಹೋದಲ್ಲ, ಆವಾಗ್ಲೇ ಗೊತ್ತಿತ್ತಾ?”

“ಹೂಂ.”

“ನಾನು ನಿನ್ನ ಹೊಗಳ್ತಾ ಇದ್ದೆ.”

“ಹೂಂ.”

ಅವಳು ಆ ನೀಲಿ ಸ್ಟೂಲಿನ ಕಡೆ ನೋಡಿದಳು. ಅದರ ಬಣ್ಣ ಉದುರಿತ್ತು, ಮೇಲೆ ಗಡಿಯಾರದ ಪೆಟ್ಟಿಗೆಯೋ ಏನೋ ಇಟ್ಟಿದ್ದರು. “ಅವಳು ಇದ್ರ ಮೇಲೆ ನಿಂತ್ಕೊಂಡು ಕೈ ಚಾಚ್ತಿದ್ಲು ಅಕ್ಕ. ನೆನಪೈತಾ? ಬಾಯ್ಬಿಟ್ಟು ಎತ್ಕೋ ಅಂತ ಒಂದಿನಾನೂ ಕೇಳ್ಲಿಲ್ಲ ನನ್ ಮಗಳು. ಕೇಳಿದ್ರೆ ನಾನು ಎತ್ಬಿಡ್ತಿದ್ದೆ ಕಣೇ. ಕಾಲ್ ಹೋದ್ರೂ ಹೋಗ್ಲಿ ಅಂತ ಎತ್ಬಿಡ್ತಿದ್ದೆ.”

ನಾನು ಅವಳ ಕಡೆ ಹೆಜ್ಜೆ ಇಟ್ಟೆ. “ಈಗ ಎತ್ತಬೋದು ಗಿರಿಜಾ. ಪಲ್ಲವಿ ಮಗೂನ...”

“ಆವತ್ತು ನೀನ್ ಹೇಳಿದ್ದು ನಂಬಿದೆ. ಇವತ್ತು ಹೇಳ್ತಿರೋದನ್ನ ಯೆಂಗ್ ನಂಬ್ಲಿ? ನಾಳೆ ಇನ್ನೊಂದು ಹೇಳ್ತೀಯ. ಹೋಗು ನೀನು.”

ಹೋದೆ. ಬಹಳ ದಿನ ಅವಳು ಫೋನ್ ಎತ್ತಲಿಲ್ಲ. ನಾನು ಮಾನಸ ಮೇಡಂ ಅವರಿಗೆ ಎಲ್ಲವನ್ನೂ ಹೇಳಿದೆ. ಅವರೇ ಲಗ್ಗೆರೆಗೆ ಹೋಗಿ ಗಿರಿಜಾಳನ್ನು ಪರೀಕ್ಷಿಸಿದರು. ನನ್ನನ್ನು ಜೊತೆಗೆ ಕರೆದೊಯ್ಯಲಿಲ್ಲ, ನಾನು ಕೇಳಲೂ ಇಲ್ಲ. ನಂತರ ಒಂದು ದಿನ ಗಿರಿಜಾಳದ್ದೇ ಫೋನ್ ಬಂತು. “ಮೇಡಂ ಏನೋ ಅಭ್ಯಾಸ ಕೊಟ್ಟವ್ರೆ. ಒಬ್ಳೇ ಮಾಡೋಕೆ ಭಯ ಆಯ್ತದೆ. ಬಂದು ನಿಂತ್ಕೋ” ಎಂದು ಹೇಳಿ ಇಟ್ಟಳು.

ಬೆಳಿಗ್ಗೆ ಹೋಗಿ ನಿಲ್ಲತೊಡಗಿದೆ. ಮೊದಲು ಬರಿಗೈಯಲ್ಲಿ ಬಗ್ಗಿ ಮಂಡಿ ಮುಟ್ಟುವುದು. ಆಮೇಲೆ ನೆಲದ ಮೇಲಿನ ತಲೆದಿಂಬು ಎತ್ತುವುದು. ಆಮೇಲೆ ರಾಗಿ ಹಿಟ್ಟಿನ ಸಣ್ಣ ಚೀಲ. ಬೆಲ್ಟ್ ಇಲ್ಲದೆ ಬಗ್ಗುವ ಮೊದಲು ಅವಳು ಒಮ್ಮೆ ಗೋಡೆ ಹಿಡಿದುಕೊಳ್ಳುತ್ತಿದ್ದಳು.

ಒಂದು ದಿನ ಅವಳು ಚೀಲವನ್ನು ಎದೆಯವರೆಗೆ ಚೆನ್ನಾಗಿಯೇ ಎತ್ತಿದ್ದಳು. ನನ್ನ ಬಾಯಿಂದ, ನನಗೇ ತಿಳಿಯದೆ, “ಹುಷಾರು!” ಎಂದು ಬಂತು.

ಚೀಲ ಕೈಜಾರಿ ಬಿತ್ತು. ಹಿಟ್ಟು ನೆಲವೆಲ್ಲ ಹರಡಿತು. ಗಿರಿಜಾ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. ಅಂದು ಮತ್ತೆ ಬೆಲ್ಟ್ ಕಟ್ಟಿಕೊಂಡಳು. ನಾನು ಕೂತು ಹಿಟ್ಟು ಬಳಿದೆ. ಎಷ್ಟು ಜನರಿಗೆ, ಎಷ್ಟು ಸಲ ಆ ಮಾತು ಹೇಳಿದ್ದೇನೋ. ಅದು ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮರುದಿನ ಒಳಗೆ ಹೋಗಲೋ ಬೇಡವೋ ಎಂದು ಅವಳ ಮನೆ ಬಾಗಿಲಲ್ಲಿ ನಿಂತೆ. ಗಿರಿಜಾ ಒಳಗಿನಿಂದಲೇ ಕೂಗಿದಳು, “ಬಾ. ಬಾಯಿಗೆ ಸೆರಗು ತುರುಕ್ಕೊಂಡು ಬಾ.” ಹಾಗೆಯೇ ಮಾಡಿದೆ. ತಮಾಷೆಗಲ್ಲ, ನಿಜವಾಗಿಯೂ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತೆ.

ಪಲ್ಲವಿಗೆ ಗಂಡು ಮಗುವಾಯಿತು. ಬಾಣಂತನಕ್ಕೆ ಲಗ್ಗೆರೆಗೇ ಬಂದಳು. ನಡೆದದ್ದನ್ನು ಗಿರಿಜಾ ಅವಳಿಗೆ ಮೊದಲೇ ಹೇಳಿದ್ದಳು. ಪಲ್ಲವಿ ನನ್ನನ್ನು ಏನೂ ಕೇಳಲಿಲ್ಲ. “ಊಟ ಆಯ್ತಾ ದೊಡ್ಡಮ್ಮ?” ಎಂದು ಮೊದಲಿನ ಹಾಗೆಯೇ ಮಾತನಾಡಿಸುತ್ತಾಳೆ. ಆ ಮೊದಲಿನ ಹಾಗೆ ಎಂಬುದನ್ನು ತಾಳಿಕೊಳ್ಳುವುದು ನನಗೆ ಕಷ್ಟ.

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಗಿರಿಜಾ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಳು. ಎರಡೂ ಕಾಲು ಮುಂದೆ ಚಾಚಿದಳು. ಬೆಲ್ಟ್ ಇರಲಿಲ್ಲ. ಪಲ್ಲವಿ ಮಗುವನ್ನು ತಂದು ಅಮ್ಮನ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಿರಿಜಾ ಬಗ್ಗಿ ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು.

ನೀರು ಹುಯ್ಯಲು ನನ್ನನ್ನು ಕರೆದಿದ್ದಳು. ಒಳಗೆ ಹೋಗಿ ನೋಡಿದರೆ ಬಿಸಿನೀರಿನ ಬಕೆಟ್ಟನ್ನು ಆ ನೀಲಿ ಸ್ಟೂಲಿನ ಮೇಲೆ ಇಟ್ಟಿದ್ದಳು.

“ನಿಂಗಾಗೇ ಇಟ್ಟಿವ್ನಿ ಡಾಕ್ಟರಕ್ಕ. ವಯಸ್ಸಾಯ್ತು, ಬಗ್ಬೇಡ. ಸೊಂಟ ಹೋದಾತು” ಎಂದಳು. ಮುಖ ತಿರುಗಿಸಿ ನೋಡಲಿಲ್ಲ.

ನಾನು ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಳಿಸಿದೆ. ಸ್ಟೂಲನ್ನು ಬಚ್ಚಲಿನ ಹೊರಗಿಟ್ಟೆ. ಬಗ್ಗಿ, ಚೊಂಬಿನಲ್ಲಿ ನೀರು ಮೊಗೆದು, ಬಿಸಿ ಸರಿಯಿದೆಯೇ ಎಂದು ಮೊಣಕೈಗೆ ಬಿಟ್ಟುಕೊಂಡು ನೋಡಿದೆ. ಏನೋ ಹೇಳಲು ಬಾಯಿ ತೆರೆದೆ.

“ಮಾತಾಡ್ಬೇಡ. ಉಯ್ಯಿ” ಎಂದಳು ಗಿರಿಜಾ.

ಹುಯ್ದೆ.